ವಿದೇಶಿ ಲಂಚದ ವಿರುದ್ಧ ರಾಷ್ಟ್ರೀಯ ಕಾನೂನುಗಳು

ಒಂದು ದೇಶದ ಕಂಪನಿ ಅಥವಾ ಪ್ರಜೆ ವ್ಯಾಪಾರ ಗಿಟ್ಟಿಸಿಕೊಳ್ಳಲು ಇನ್ನೊಂದು ದೇಶದ ಸರ್ಕಾರಿ ಅಧಿಕಾರಿಗೆ ಲಂಚ ಕೊಟ್ಟರೆ, ಕೊಟ್ಟವರನ್ನು ಅವರ ಸ್ವಂತ ದೇಶದಲ್ಲೇ ಶಿಕ್ಷಿಸುವ ಕಾನೂನುಗಳು ಇವು. ತನ್ನ ಅಧಿಕಾರಿ ಲಂಚ ತಿಂದರೆ ದಂಡಿಸುವ ಕಾನೂನು ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಬಹಳ ಹಿಂದಿನಿಂದ ಇದೆ. ಪರದೇಶದ ಅಧಿಕಾರಿಯ ಕೈಬಿಸಿ ಮಾಡಿ ಬಂದ ತನ್ನ ವ್ಯಾಪಾರಿಯನ್ನು ಹಿಡಿದು ಕೇಳುವ ಪದ್ಧತಿ ಶುರುವಾದದ್ದು 1977ರಲ್ಲಿ, ಅಮೆರಿಕದಲ್ಲಿ. ಇಂದು ಬ್ರಿಟನ್, ಫ್ರಾನ್ಸ್, ಜರ್ಮನಿ, ಜಪಾನ್, ಕೆನಡಾ, ಬ್ರೆಜಿಲ್, ಆಸ್ಟ್ರೇಲಿಯಾ, ಚೀನಾ ಸೇರಿದಂತೆ ಬಹುಪಾಲು ದೊಡ್ಡ ವ್ಯಾಪಾರಿ ದೇಶಗಳಲ್ಲಿ ಇಂಥ ಕಾನೂನು ಇದೆ. ಭಾರತದಲ್ಲಿ ಇಲ್ಲ.

ಲಂಚ ಕೈ ಬದಲಾಯಿಸುವುದನ್ನು ಕಣ್ಣಾರೆ ಕಂಡವರು ಸಿಗುವುದು ಅಪರೂಪ. ಕೊಟ್ಟವರು ಒಂದು ದೇಶದಲ್ಲಿ, ಪಡೆದವರು ಇನ್ನೊಂದರಲ್ಲಿ, ಹಣ ದಾಟಿದ ಬ್ಯಾಂಕು ಮೂರನೆಯದರಲ್ಲಿ ಇರುತ್ತದೆ. ಆದರೆ ಕಂಪನಿಯ ಹಣ ಹೊರಹೋಗಬೇಕಾದರೆ ಎಲ್ಲೋ ಒಂದು ಕಡೆ ಖರ್ಚು ಬರೆಯಲೇಬೇಕು. ‘ಲಂಚ’ ಎಂದು ಯಾರೂ ಬರೆಯುವುದಿಲ್ಲ. ಕಮಿಷನ್, ಸಲಹಾ ಶುಲ್ಕ, ಮಾರುಕಟ್ಟೆ ಅಧ್ಯಯನ ಎಂದು ಬರೆಯುತ್ತಾರೆ. ಆ ಸುಳ್ಳು ಬರಹವೇ ಸಿಕ್ಕಿಬೀಳುವ ಜಾಗ. ಅರ್ಧ ಶತಮಾನದ ದೊಡ್ಡ ಮೊಕದ್ದಮೆಗಳನ್ನು ಸಾಲಾಗಿ ನೋಡಿದರೆ, ಈ ಕಾನೂನುಗಳ ನಿಜವಾದ ಹಿಡಿತ ಇರುವುದು ಲೆಕ್ಕಪುಸ್ತಕದ ಮೇಲೆ ಎಂಬುದು ಸ್ಪಷ್ಟವಾಗುತ್ತದೆ.

ಹುಟ್ಟು

ವಾಟರ್‌ಗೇಟ್ ವಿಚಾರಣೆಯಲ್ಲಿ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ಚುನಾವಣಾ ಪ್ರಚಾರಕ್ಕೆ ದೊಡ್ಡ ಕಂಪನಿಗಳು ಕಾನೂನುಬಾಹಿರವಾಗಿ ಹಣ ಕೊಟ್ಟದ್ದು ಹೊರಬಿತ್ತು. ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆಯಾದ ಎಸ್‌ಇಸಿಯಲ್ಲಿ ಜಾರಿ ವಿಭಾಗದ ಅಧಿಕಾರಿಯಾಗಿದ್ದ ಸ್ಟ್ಯಾನ್ಲಿ ಸ್ಪೋರ್ಕಿನ್ ಅವರಿಗೆ ಒಂದು ಸರಳ ಪ್ರಶ್ನೆ ಎದ್ದಿತು: ಈ ಹಣವನ್ನು ಕಂಪನಿಗಳು ತಮ್ಮ ಪುಸ್ತಕದಲ್ಲಿ ಏನೆಂದು ಬರೆದಿವೆ? ಕೆದಕುತ್ತ ಹೋದಂತೆ ಪುಸ್ತಕಕ್ಕೆ ಹತ್ತದ ಗುಪ್ತ ನಿಧಿಗಳು ಕಂಡವು. ಆ ನಿಧಿಗಳಿಂದ ಹಣ ಹರಿದದ್ದು ಅಮೆರಿಕದ ರಾಜಕಾರಣಿಗಳಿಗೆ ಮಾತ್ರವಲ್ಲ, ಹೊರದೇಶಗಳ ಮಂತ್ರಿಗಳಿಗೆ, ಸೇನಾಧಿಕಾರಿಗಳಿಗೆ ಕೂಡ. ತಾವಾಗಿ ಒಪ್ಪಿಕೊಂಡವರಿಗೆ ರಿಯಾಯಿತಿ ಎಂದಾಗ 400ಕ್ಕೂ ಹೆಚ್ಚು ಕಂಪನಿಗಳು ಮುಂದೆ ಬಂದವು. ಅವು ಒಪ್ಪಿಕೊಂಡ ಮೊತ್ತ 30 ಕೋಟಿ ಡಾಲರ್ ದಾಟಿತು. ಬಾಳೆಹಣ್ಣಿನ ವ್ಯಾಪಾರದ ದೈತ್ಯ ಯುನೈಟೆಡ್ ಬ್ರಾಂಡ್ಸ್, ರಫ್ತು ಸುಂಕ ಇಳಿಸಿಕೊಳ್ಳಲು ಹೊಂಡುರಾಸ್‌ನಲ್ಲಿ 12.5 ಲಕ್ಷ ಡಾಲರ್ ಕೊಟ್ಟಿದ್ದು 1975ರಲ್ಲಿ ಬಯಲಾಗಿ, ಅಲ್ಲಿನ ಸೇನಾ ಆಡಳಿತಗಾರ ಅಧಿಕಾರ ಕಳೆದುಕೊಂಡ.

ಎಲ್ಲಕ್ಕಿಂತ ದೊಡ್ಡ ಆಘಾತ ತಂದದ್ದು ಲಾಕ್‌ಹೀಡ್ ಪ್ರಕರಣ. ಸೆನೆಟರ್ ಫ್ರ್ಯಾಂಕ್ ಚರ್ಚ್ ಅವರ ಉಪಸಮಿತಿಯ ಮುಂದೆ 1976ರ ಫೆಬ್ರವರಿಯಲ್ಲಿ ಈ ವಿಮಾನ ಕಂಪನಿಯ ಹಿರಿಯ ಅಧಿಕಾರಿ ಕಾರ್ಲ್ ಕೊಚಿಯನ್ ಬಾಯಿಬಿಟ್ಟರು. ಟ್ರೈಸ್ಟಾರ್ ವಿಮಾನಗಳನ್ನು ಆಲ್ ನಿಪ್ಪಾನ್ ಏರ್‌ವೇಸ್‌ಗೆ ಮಾರಲು ಜಪಾನಿನ ಪ್ರಧಾನಿ ಕಕುಯೆಯಿ ತನಾಕಾ ಅವರಿಗೆ 50 ಕೋಟಿ ಯೆನ್ ತಲುಪಿತ್ತು. ಮಧ್ಯೆ ನಿಂತದ್ದು ಮರುಬೇನಿ ಎಂಬ ವ್ಯಾಪಾರ ಸಂಸ್ಥೆ. ಹಣ ಮುಟ್ಟಿದ್ದಕ್ಕೆ ಅದರ ಅಧಿಕಾರಿಯೊಬ್ಬರು ಸಹಿ ಹಾಕಿ ಕೊಟ್ಟ ರಸೀದಿಗಳಲ್ಲಿ ಯೆನ್ ಎಂಬ ಮಾತೇ ಇರಲಿಲ್ಲ. ಒಂದರಲ್ಲಿ ನೂರು ಕಡಲೆಕಾಯಿ ತಲುಪಿದೆ ಎಂದಿತ್ತು. ಒಂದು ಕಡಲೆಕಾಯಿ ಅಂದರೆ ಹತ್ತು ಲಕ್ಷ ಯೆನ್. 1976ರ ಜುಲೈನಲ್ಲಿ ತನಾಕಾ ಬಂಧನವಾಯಿತು, 1983ರಲ್ಲಿ ನಾಲ್ಕು ವರ್ಷ ಸಜೆ ಘೋಷಣೆಯಾಯಿತು. ಮೇಲ್ಮನವಿ ಬಾಕಿ ಇರುವಾಗಲೇ 1993ರಲ್ಲಿ ಅವರು ತೀರಿಕೊಂಡರು. ನೆದರ್ಲೆಂಡ್ಸ್‌ನಲ್ಲಿ ರಾಣಿಯ ಪತಿ ಪ್ರಿನ್ಸ್ ಬರ್ನ್‌ಹಾರ್ಡ್ ಅವರ ಹೆಸರೂ ಇದೇ ಹಗರಣದಲ್ಲಿ ಬಂದು, ಅವರು ಸೇನೆಯ ಹುದ್ದೆಗಳನ್ನು ಬಿಡಬೇಕಾಯಿತು. ಪಡೆದವರಿಗೆ ಹೀಗೆ ಅಲ್ಲಲ್ಲಿ ಶಾಸ್ತಿಯಾಯಿತು. ಕೊಟ್ಟವರನ್ನು ಮಾತ್ರ ಕೊಟ್ಟರೆಂಬ ಕಾರಣಕ್ಕೆ ಶಿಕ್ಷಿಸಲು ಅಮೆರಿಕದಲ್ಲಿ ಕಾನೂನೇ ಇರಲಿಲ್ಲ. 1977ರ ಡಿಸೆಂಬರ್ 19ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ವಿದೇಶಿ ಭ್ರಷ್ಟಾಚಾರ ಪದ್ಧತಿಗಳ ಕಾಯ್ದೆ, ಅಂದರೆ ಎಫ್‌ಸಿಪಿಎ, ಆ ಕೊರತೆಯನ್ನು ತುಂಬಿತು.

ಎರಡು ಬಾಯಿಗಳ ಕಾಯ್ದೆ

ಎಫ್‌ಸಿಪಿಎಯ ಒಂದು ಭಾಗ ಲಂಚವನ್ನೇ ನಿಷೇಧಿಸುತ್ತದೆ. ವ್ಯಾಪಾರ ಪಡೆಯಲು ಅಥವಾ ಉಳಿಸಿಕೊಳ್ಳಲು ವಿದೇಶಿ ಅಧಿಕಾರಿಗೆ ಬೆಲೆಯುಳ್ಳ ಏನನ್ನು ಕೊಟ್ಟರೂ, ಕೊಡುತ್ತೇನೆಂದು ಮಾತು ಕೊಟ್ಟರೂ ಅಪರಾಧ. ಹಣವೇ ಆಗಬೇಕೆಂದಿಲ್ಲ: ವಿದೇಶ ಪ್ರವಾಸ, ಮಗನಿಗೆ ನೌಕರಿ, ಅಧಿಕಾರಿಯ ಇಷ್ಟದ ಸಂಸ್ಥೆಗೆ ದೇಣಿಗೆ, ಎಲ್ಲವೂ ಇದರಲ್ಲಿ ಬರುತ್ತವೆ. ಸರ್ಕಾರಿ ಒಡೆತನದ ಕಂಪನಿಯ ನೌಕರರನ್ನೂ ವಿದೇಶಿ ಅಧಿಕಾರಿಗಳೆಂದೇ ಎಣಿಸುತ್ತಾರೆ. ಎರಡನೆಯ ಭಾಗ ಲೆಕ್ಕದ್ದು. ಅಮೆರಿಕದ ಷೇರುಪೇಟೆಯಲ್ಲಿ ನೋಂದಾಯಿತವಾದ ಯಾವುದೇ ಕಂಪನಿ, ಅದು ಯಾವ ದೇಶದ್ದೇ ಇರಲಿ, ತನ್ನ ವಹಿವಾಟನ್ನು ಇದ್ದದ್ದು ಇದ್ದಂತೆ ಬರೆದಿಡಬೇಕು. ಮೇಲಧಿಕಾರಿಯ ಒಪ್ಪಿಗೆಯಿಲ್ಲದೆ ಹಣ ಹೊರಹೋಗದಂತೆ ಒಳಗಿನ ತಪಾಸಣೆ ಇಟ್ಟುಕೊಳ್ಳಬೇಕು. ಮೊತ್ತ ಸಣ್ಣದು ಎಂಬ ನೆಪ ನಡೆಯುವುದಿಲ್ಲ.

ಎರಡು ಭಾಗಗಳ ಶಿಕ್ಷೆಯನ್ನು ಹೋಲಿಸಿದರೆ ಶಾಸನದ ಒಲವು ತಿಳಿಯುತ್ತದೆ. ಲಂಚ ಕೊಟ್ಟ ವ್ಯಕ್ತಿಗೆ ಗರಿಷ್ಠ 5 ವರ್ಷ ಸಜೆ. ಬೇಕೆಂದೇ ಲೆಕ್ಕ ಸುಳ್ಳು ಮಾಡಿದವರಿಗೆ 20 ವರ್ಷದವರೆಗೆ. ಕಂಪನಿಗೆ ಲಂಚದ ಪ್ರತಿ ಅಪರಾಧಕ್ಕೆ 20 ಲಕ್ಷ ಡಾಲರ್ ದಂಡವಿದ್ದರೆ, ಸುಳ್ಳು ಲೆಕ್ಕಕ್ಕೆ 2.5 ಕೋಟಿ ಡಾಲರ್. ಅಕ್ರಮದಿಂದ ಬಂದ ಲಾಭದ ಎರಡು ಪಟ್ಟು ವಸೂಲಿ ಮಾಡುವ ಅವಕಾಶವೂ ಇದೆ. ಕ್ರಿಮಿನಲ್ ಮೊಕದ್ದಮೆ ನ್ಯಾಯ ಇಲಾಖೆಯದು, ಷೇರುಪೇಟೆಯ ಕಂಪನಿಗಳ ಮೇಲಿನ ಸಿವಿಲ್ ಕ್ರಮ ಎಸ್‌ಇಸಿಯದು. 2010ರ ಇನ್ನೊಂದು ಕಾನೂನಿನಿಂದ ಒಳಗಿನ ಮಾಹಿತಿ ಕೊಟ್ಟವರಿಗೆ, ವಸೂಲಾದ ಮೊತ್ತ 10 ಲಕ್ಷ ಡಾಲರ್ ಮೀರಿದಾಗ, ಅದರ ಶೇ. 10ರಿಂದ 30ರವರೆಗೆ ಬಹುಮಾನ ಸಿಗುತ್ತದೆ.

ಒಂದು ದೊಡ್ಡ ರಂಧ್ರವನ್ನು ಅಮೆರಿಕ ಉಳಿಸಿಕೊಂಡಿದೆ. ಅಧಿಕಾರಿ ಹೇಗೂ ಮಾಡಲೇಬೇಕಾದ ಕೆಲಸವನ್ನು ಬೇಗ ಮಾಡಿಸಿಕೊಳ್ಳಲು ಕೊಡುವ ಸಣ್ಣ ಹಣ, ನಮ್ಮಲ್ಲಿ ಮಾಮೂಲು ಎನ್ನುವಂಥದ್ದು, ಲಂಚ ನಿಷೇಧದಿಂದ ಹೊರಗಿದೆ. 1988ರ ತಿದ್ದುಪಡಿ ಈ ವಿನಾಯಿತಿಯನ್ನು ಸ್ಪಷ್ಟಪಡಿಸಿತು. ಇದು ತಪ್ಪು ನೀತಿ. ಬಂದರಿನಲ್ಲಿ, ಸುಂಕದ ಕಟ್ಟೆಯಲ್ಲಿ ಜನ ದಿನನಿತ್ಯ ಕಿರುಕುಳ ಅನುಭವಿಸುವುದು ಈ ಸಣ್ಣ ಹಣದ ವಸೂಲಿಯಿಂದಲೇ. ಶ್ರೀಮಂತ ಕಂಪನಿ ಅದನ್ನು ಕೊಟ್ಟು ಮುಂದೆ ಸಾಗಿದರೆ ಹಿಂದೆ ನಿಂತ ಸ್ಥಳೀಯ ವ್ಯಾಪಾರಿಗೆ ದರ ಏರುತ್ತದೆ. ಬ್ರಿಟನ್ ಈ ವಿನಾಯಿತಿಯನ್ನು ಒಪ್ಪಲಿಲ್ಲ. ಕೆನಡಾ ಮೊದಲು ಒಪ್ಪಿ, 2017ರಲ್ಲಿ ತೆಗೆದುಹಾಕಿತು.

ಒಂಟಿತನದಿಂದ ಒಡಂಬಡಿಕೆಗೆ

ಸುಮಾರು ಎರಡು ದಶಕ ಅಮೆರಿಕ ಈ ದಾರಿಯಲ್ಲಿ ಹೆಚ್ಚುಕಡಿಮೆ ಒಂಟಿಯಾಗಿತ್ತು. ನಮ್ಮ ಕೈ ಕಟ್ಟಿಹಾಕಿದ್ದೀರಿ, ಯುರೋಪಿನವರು ಗುತ್ತಿಗೆ ಹೊಡೆದುಕೊಂಡು ಹೋಗುತ್ತಿದ್ದಾರೆ ಎಂದು ಅಲ್ಲಿನ ಕಂಪನಿಗಳು ದೂರುತ್ತಿದ್ದವು. ದೂರಿನಲ್ಲಿ ಹುರುಳಿತ್ತು. ಜರ್ಮನಿಯಲ್ಲಿ ವಿದೇಶದಲ್ಲಿ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚೆಂದು ತೋರಿಸಿ ಆದಾಯ ತೆರಿಗೆಯಲ್ಲಿ ಕಳೆಯಲು 1999ರವರೆಗೂ ಅವಕಾಶವಿತ್ತು. ಕಾನೂನನ್ನು ಕೈಬಿಡುವ ಬದಲು ಉಳಿದವರನ್ನೂ ಅದೇ ಸಾಲಿಗೆ ತರಲು ಅಮೆರಿಕ ಒತ್ತಡ ಹಾಕಿತು. ಫಲವಾಗಿ ಪ್ಯಾರಿಸ್ ಮೂಲದ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿಯ ಆಶ್ರಯದಲ್ಲಿ 1997ರ ಡಿಸೆಂಬರ್ 17ರಂದು ಲಂಚ ವಿರೋಧಿ ಒಡಂಬಡಿಕೆಗೆ ಸಹಿ ಬಿತ್ತು. 1999ರ ಫೆಬ್ರವರಿ 15ರಿಂದ ಅದು ಜಾರಿಯಾಯಿತು. ಈಗ 40ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಒಂದು ದೇಶದ ಕಾನೂನು ಮತ್ತು ಜಾರಿಯನ್ನು ಇತರ ದೇಶಗಳ ತಜ್ಞರು ಬಂದು ಪರಿಶೀಲಿಸಿ ವರದಿ ಪ್ರಕಟಿಸುವುದು ಇದರ ಬಲ. ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆ 2003ರಲ್ಲಿ ಬಂತು, 2005ರ ಡಿಸೆಂಬರ್‌ನಲ್ಲಿ ಜಾರಿಯಾಯಿತು. ಅದರ ವ್ಯಾಪ್ತಿ ಹೆಚ್ಚು ಅಗಲ, ಒತ್ತಡ ಕಡಿಮೆ.

ಸೀಮೆನ್ಸ್

ಒಇಸಿಡಿ ಒಡಂಬಡಿಕೆಗೆ ಹಲ್ಲಿದೆಯೇ ಎಂಬುದು ತಿಳಿದದ್ದು ಜರ್ಮನಿಯ ಸೀಮೆನ್ಸ್ ಕಂಪನಿಯ ಪ್ರಕರಣದಲ್ಲಿ. 2006ರ ನವೆಂಬರ್ 15ರಂದು ಮ್ಯೂನಿಕ್‌ನಲ್ಲಿ ಪೊಲೀಸರು ಕಂಪನಿಯ ಕಚೇರಿಗಳ ಮೇಲೆ ದಾಳಿ ಮಾಡಿದರು. ಹೊರಬಂದ ವಿವರಗಳು ಒಂದು ಸರ್ಕಾರಿ ಖಜಾನೆಯಷ್ಟು ಶಿಸ್ತಿನ ಲಂಚ ವ್ಯವಸ್ಥೆಯವು. ಕಂಪನಿಯೊಳಗೇ ನಗದು ಕೌಂಟರುಗಳಿದ್ದವು. ನೌಕರರು ಖಾಲಿ ಸೂಟ್‌ಕೇಸ್ ತಂದು ಹತ್ತು ಲಕ್ಷ ಯೂರೋವರೆಗೆ ತುಂಬಿಕೊಂಡು ಹೋಗಬಹುದಿತ್ತು. ಪಾವತಿಗೆ ಒಪ್ಪಿಗೆಯ ಸಹಿಯನ್ನು ಕಾಗದದ ಮೇಲೆ ಹಾಕದೆ, ಬೇಕಾದಾಗ ಕಿತ್ತು ಹಾಕಬಹುದಾದ ಹಳದಿ ಅಂಟುಚೀಟಿಯ ಮೇಲೆ ಹಾಕುತ್ತಿದ್ದರು. ತನಿಖೆ ಬಂದರೆ ಕಾಗದ ಉಳಿಯಬೇಕು, ಸಹಿ ಉಳಿಯಬಾರದು ಎಂಬುದು ಲೆಕ್ಕಾಚಾರ. ಎಸ್‌ಇಸಿ ಎಣಿಸಿದ ಪ್ರಕಾರ 2001ರಿಂದ 2007ರವರೆಗೆ ಕನಿಷ್ಠ 4,283 ಪಾವತಿಗಳಲ್ಲಿ ಸುಮಾರು 140 ಕೋಟಿ ಡಾಲರ್ ಅಧಿಕಾರಿಗಳಿಗೆ ಸಂದಿತ್ತು. ಅರ್ಜೆಂಟೀನಾದ ಗುರುತಿನ ಚೀಟಿ, ಬಾಂಗ್ಲಾದೇಶದ ಮೊಬೈಲ್ ಜಾಲ, ವೆನೆಜುವೆಲಾದ ಮೆಟ್ರೊ ಈ ಗುತ್ತಿಗೆಗಳಲ್ಲಿ ಸೇರಿದ್ದವು.

2008ರ ಡಿಸೆಂಬರ್‌ನಲ್ಲಿ ಅಮೆರಿಕ ಮತ್ತು ಜರ್ಮನಿಗೆ ಸೇರಿ ಸುಮಾರು 160 ಕೋಟಿ ಡಾಲರ್ ತೆತ್ತು ಸೀಮೆನ್ಸ್ ಇತ್ಯರ್ಥ ಮಾಡಿಕೊಂಡಿತು. ಇಷ್ಟಾದರೂ ಅಮೆರಿಕದ ನ್ಯಾಯಾಲಯದಲ್ಲಿ ಮೂಲ ಕಂಪನಿ ತಪ್ಪೊಪ್ಪಿಕೊಂಡದ್ದು ಲಂಚದ ಆರೋಪಕ್ಕಲ್ಲ. ಸುಳ್ಳು ಲೆಕ್ಕ ಮತ್ತು ಒಳತಪಾಸಣೆಯ ವೈಫಲ್ಯಕ್ಕೆ. ಲಂಚದ ಅಪರಾಧ ಸಾಬೀತಾದರೆ ಅನೇಕ ಸರ್ಕಾರಗಳ ಟೆಂಡರುಗಳಿಂದ ಕಂಪನಿ ಹೊರಬೀಳುವ ಅಪಾಯವಿತ್ತು. ಲೆಕ್ಕದ ಅಪರಾಧ ಸಾಬೀತು ಮಾಡಲು ಪ್ರಾಸಿಕ್ಯೂಟರಿಗೆ ಸುಲಭ, ಒಪ್ಪಿಕೊಳ್ಳಲು ಕಂಪನಿಗೂ ಸಲೀಸು. ಹೀಗಾಗಿ ಬಹಳ ಸಲ ಸತ್ಯದ ಒಂದು ತುಂಡಷ್ಟೇ ತೀರ್ಪಿನಲ್ಲಿ ದಾಖಲಾಗುತ್ತದೆ. ಯಾವ ಮಂತ್ರಿಗೆ ಎಷ್ಟು ಹೋಯಿತು ಎಂಬುದು ಆ ದೇಶದ ಜನರಿಗೆ ಪೂರ್ತಿ ತಿಳಿಯುವುದೇ ಇಲ್ಲ.

ಬ್ರಿಟನ್

ಬ್ರಿಟನ್ನಿನ ಹಾದಿ ಮುಜುಗರದಿಂದ ಶುರುವಾಯಿತು. ಬಿಎಇ ಕಂಪನಿ ಸೌದಿ ಅರೇಬಿಯಾಕ್ಕೆ ಯುದ್ಧವಿಮಾನ ಮಾರಿದ ಅಲ್ ಯಮಾಮಾ ವ್ಯವಹಾರದ ತನಿಖೆಯನ್ನು, ದೇಶದ ಭದ್ರತೆಯ ಕಾರಣ ಮುಂದೊಡ್ಡಿ 2006ರ ಡಿಸೆಂಬರ್‌ನಲ್ಲಿ ನಿಲ್ಲಿಸಲಾಯಿತು. 2008ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ನಿರ್ಧಾರವನ್ನು ಎತ್ತಿಹಿಡಿಯಿತು. ಒಇಸಿಡಿಯ ಟೀಕೆಯೂ ಸೇರಿ ಒತ್ತಡ ಹೆಚ್ಚಿದಾಗ 2010ರ ಲಂಚ ಕಾಯ್ದೆ ಬಂತು. 2011ರ ಜುಲೈ 1ರಿಂದ ಜಾರಿಯಾಯಿತು. ಅಧಿಕಾರಿಗೆ ಕೊಟ್ಟದ್ದು ಮಾತ್ರವಲ್ಲ, ಖಾಸಗಿ ಕಂಪನಿಗಳು ತಮ್ಮತಮ್ಮೊಳಗೆ ಕೊಟ್ಟುಕೊಂಡ ಲಂಚವೂ ಇಲ್ಲಿ ಅಪರಾಧ. ಗರಿಷ್ಠ ಶಿಕ್ಷೆ 10 ವರ್ಷ, ದಂಡಕ್ಕೆ ಮಿತಿಯಿಲ್ಲ.

ಇದರ 7ನೇ ಸೆಕ್ಷನ್ ಮುಂದೆ ಅನೇಕ ದೇಶಗಳಿಗೆ ಮಾದರಿಯಾಯಿತು. ಕಂಪನಿಯ ಪರವಾಗಿ ಕೆಲಸ ಮಾಡುವ ನೌಕರ, ಏಜೆಂಟ್, ಅಂಗಸಂಸ್ಥೆ, ಯಾರು ಕಂಪನಿಯ ಲಾಭಕ್ಕಾಗಿ ಲಂಚ ಕೊಟ್ಟರೂ, ಅದನ್ನು ತಡೆಯದೇ ಹೋದದ್ದೇ ಕಂಪನಿಯ ಅಪರಾಧ. ನಿರ್ದೇಶಕರಿಗೆ ಗೊತ್ತಿತ್ತೇ ಎಂಬ ಪ್ರಶ್ನೆ ಏಳುವುದಿಲ್ಲ. ತಪ್ಪಿಸಿಕೊಳ್ಳಲು ಇರುವ ದಾರಿ ಒಂದೇ: ತಡೆಯಲು ಸಾಕಷ್ಟು ಏರ್ಪಾಡು ಮಾಡಿದ್ದೆವು ಎಂದು ಕಂಪನಿಯೇ ರುಜುವಾತು ಮಾಡಬೇಕು. ಅದು ಕಾಗದದ ನೀತಿಸಂಹಿತೆಯಿಂದ ಆಗುವ ಕೆಲಸವಲ್ಲ. ಸುಮಾರು ಮೂವತ್ತು ಜನರ ಸ್ಕ್ಯಾನ್ಸೆನ್ ಇಂಟೀರಿಯರ್ಸ್ ಎಂಬ ಸಣ್ಣ ಕಂಪನಿ, ದೇಶದೊಳಗಿನದೇ ಒಂದು ಪ್ರಕರಣದಲ್ಲಿ, ನಾವು ಪ್ರಾಮಾಣಿಕರು, ನಮ್ಮಷ್ಟು ಚಿಕ್ಕ ಸಂಸ್ಥೆಗೆ ಇಷ್ಟು ಸಾಕು ಎಂದು ವಾದಿಸಿತು. 2018ರಲ್ಲಿ ಜ್ಯೂರಿ ಆ ವಾದವನ್ನು ಒಪ್ಪಲಿಲ್ಲ. ದೊಡ್ಡ ಕಂಪನಿಗಳು ವಿಚಾರಣೆಗೆ ನಿಲ್ಲದೆ, ದಂಡ ಕಟ್ಟಿ ಸುಧಾರಣೆಯ ಷರತ್ತಿಗೆ ಒಪ್ಪಿ ಮೊಕದ್ದಮೆ ಮುಂದೂಡಿಸಿಕೊಳ್ಳುತ್ತವೆ. ಭಾರತವೂ ಸೇರಿ ಏಳು ದೇಶಗಳ ವ್ಯವಹಾರಗಳಿಗಾಗಿ ರೋಲ್ಸ್ ರಾಯ್ಸ್ 2017ರಲ್ಲಿ ಬ್ರಿಟನ್ನಿಗೆ 49.7 ಕೋಟಿ ಪೌಂಡ್ ಕಟ್ಟಲು ಒಪ್ಪಿಕೊಂಡಿತು. ಏರ್‌ಬಸ್ 2020ರ ಜನವರಿಯಲ್ಲಿ ಫ್ರಾನ್ಸ್, ಬ್ರಿಟನ್, ಅಮೆರಿಕಗಳಿಗೆ ಸೇರಿ ಸುಮಾರು 360 ಕೋಟಿ ಯೂರೋ.

ಉಳಿದ ದೇಶಗಳು

ಫ್ರಾನ್ಸಿನ ಕಾನೂನು ಬೇರೊಂದು ನೋವಿನಿಂದ ಗಟ್ಟಿಯಾಯಿತು. 2014ರಲ್ಲಿ ಅಲ್‌ಸ್ಟಾಮ್ ಕಂಪನಿ ಅಮೆರಿಕಕ್ಕೆ 77.2 ಕೋಟಿ ಡಾಲರ್ ತೆರಬೇಕಾದಾಗ, ನಮ್ಮ ಕಂಪನಿಗಳನ್ನು ನಾವೇ ವಿಚಾರಿಸದಿದ್ದರೆ ಬೇರೆಯವರು ವಿಚಾರಿಸುತ್ತಾರೆ ಎಂಬುದು ಅಲ್ಲಿ ಮನದಟ್ಟಾಯಿತು. 2016ರ ಡಿಸೆಂಬರ್‌ನ ಸಪಾನ್-2 ಕಾನೂನು, 500 ನೌಕರರು ಮತ್ತು 10 ಕೋಟಿ ಯೂರೋ ವಹಿವಾಟು ಮೀರಿದ ಕಂಪನಿಗಳು ಲಂಚ ತಡೆಯುವ ವ್ಯವಸ್ಥೆಯನ್ನು ಇಟ್ಟುಕೊಳ್ಳುವುದನ್ನೇ ಕಡ್ಡಾಯ ಮಾಡಿತು. ಲಂಚ ನಡೆದಿರಲಿ, ಬಿಡಲಿ, ವ್ಯವಸ್ಥೆ ಇಲ್ಲದಿದ್ದರೆ ದಂಡ.

ಬ್ರೆಜಿಲ್ 2013ರ ಬೀದಿ ಪ್ರತಿಭಟನೆಗಳ ಬೆನ್ನಿಗೆ ತಂದ ಕಾನೂನು ಕಂಪನಿಯ ವಾರ್ಷಿಕ ವಹಿವಾಟಿನ ಶೇ. 20ರವರೆಗೆ ದಂಡ ಹಾಕಬಲ್ಲದು. ಮರುವರ್ಷವೇ ಪೆಟ್ರೊಬ್ರಾಸ್ ತೈಲ ಕಂಪನಿಯ ಹಗರಣ ಸಿಡಿದು, ಓಡೆಬ್ರೆಕ್ಟ್ ಎಂಬ ನಿರ್ಮಾಣ ಸಂಸ್ಥೆ ಲಂಚಕ್ಕಾಗಿಯೇ ಒಂದು ಪ್ರತ್ಯೇಕ ವಿಭಾಗ ನಡೆಸುತ್ತಿದ್ದದ್ದು ಬೆಳಕಿಗೆ ಬಂತು. 12 ದೇಶಗಳಲ್ಲಿ ಸುಮಾರು 78.8 ಕೋಟಿ ಡಾಲರ್ ಲಂಚ ಹಂಚಿದ್ದನ್ನು ಅದು 2016ರಲ್ಲಿ ಒಪ್ಪಿಕೊಂಡಿತು. ಪೆರುವಿನ ಹಲವು ಮಾಜಿ ಅಧ್ಯಕ್ಷರು ಇದರಲ್ಲಿ ಸಿಕ್ಕಿಬಿದ್ದರು. ಬ್ರೆಜಿಲ್‌ನಲ್ಲೇ 2023ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರು ಆ ಕಂಪನಿಯಿಂದ ಪಡೆದ ಸಾಕ್ಷ್ಯವನ್ನು ಬಳಸುವಂತಿಲ್ಲ ಎಂದರು.

ಜಪಾನ್ ಅನ್ಯಾಯದ ಪೈಪೋಟಿ ತಡೆ ಕಾನೂನಿನಲ್ಲಿ 1998ರಲ್ಲಿ ವಿದೇಶಿ ಲಂಚವನ್ನು ಸೇರಿಸಿತು, ಇತ್ತೀಚೆಗೆ ಶಿಕ್ಷೆ ಹೆಚ್ಚಿಸಿತು. ಚೀನಾ 2011ರಲ್ಲಿ ದಂಡಸಂಹಿತೆ ತಿದ್ದಿತು. ಆಸ್ಟ್ರೇಲಿಯಾ 2024ರ ಸೆಪ್ಟೆಂಬರ್‌ನಿಂದ ಬ್ರಿಟನ್ ಮಾದರಿಯ ‘ತಡೆಯದ ಅಪರಾಧ’ವನ್ನು ಜಾರಿಗೆ ತಂದಿದೆ. ಕೆನಡಾದ 1998ರ ಕಾನೂನಿನಡಿ ವಿಚಾರಣೆ ನಡೆದು ಶಿಕ್ಷೆಯಾದ ಮೊದಲ ವ್ಯಕ್ತಿಯ ಪ್ರಕರಣ ಭಾರತಕ್ಕೆ ಸಂಬಂಧಿಸಿದ್ದು. ಏರ್ ಇಂಡಿಯಾಗೆ ಮುಖ ಗುರುತಿಸುವ ಭದ್ರತಾ ವ್ಯವಸ್ಥೆ ಮಾರಲು ಇಲ್ಲಿನ ಅಧಿಕಾರಿಗಳಿಗೆ ಲಂಚ ಕೊಡುವ ಸಂಚು ಹೂಡಿದ್ದಕ್ಕೆ ಒಬ್ಬ ವ್ಯಾಪಾರಿಗೆ 2014ರಲ್ಲಿ ಮೂರು ವರ್ಷ ಸಜೆಯಾಯಿತು. ಗುತ್ತಿಗೆ ಸಿಗಲೇ ಇಲ್ಲ. ಹಣ ಅಧಿಕಾರಿಯ ಕೈಸೇರಿತೆಂದು ರುಜುವಾತಾಗಬೇಕಿಲ್ಲ, ಕೊಡಲು ಮಾತಾಡಿಕೊಂಡದ್ದೇ ಸಾಕು ಎಂದು ನ್ಯಾಯಾಲಯ ಹೇಳಿತು.

ಈ ಮೊಕದ್ದಮೆಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಪಾತ್ರ ದಲ್ಲಾಳಿಯದು. ಒಇಸಿಡಿ 2014ರಲ್ಲಿ 427 ಪ್ರಕರಣಗಳನ್ನು ಪರಿಶೀಲಿಸಿದಾಗ ನಾಲ್ಕರಲ್ಲಿ ಮೂರರಲ್ಲಿ ಹಣ ಹೋದದ್ದು ಮಧ್ಯವರ್ತಿಯ ಮೂಲಕ. ಲಂಚದ ಸರಾಸರಿ ಪ್ರಮಾಣ ವ್ಯವಹಾರದ ಮೌಲ್ಯದ ಶೇ. 10.9. ಅರ್ಧಕ್ಕಿಂತ ಹೆಚ್ಚು ಲಂಚ ಸರ್ಕಾರಿ ಖರೀದಿಯ ಟೆಂಡರುಗಳಿಗಾಗಿ ಕೊಟ್ಟದ್ದು. ಅಂದರೆ ಆಸ್ಪತ್ರೆಯ ಯಂತ್ರ, ಕುಡಿಯುವ ನೀರಿನ ಕೊಳವೆ, ರೈಲು ಎಂಜಿನ್‌ಗಳ ಬೆಲೆಯಲ್ಲಿ ಆ ಹತ್ತನೇ ಒಂದು ಪಾಲು ಸೇರಿಕೊಳ್ಳುತ್ತದೆ. ಕಟ್ಟುವವರು ಆ ದೇಶದ ತೆರಿಗೆದಾರರು.

ದಂಡದ ಹಣ ಎಲ್ಲಿಗೆ?

ಈ ವ್ಯವಸ್ಥೆಯ ದೊಡ್ಡ ಅನ್ಯಾಯ ಇರುವುದು ಇಲ್ಲಿ. ನಷ್ಟವಾದದ್ದು ನೈಜೀರಿಯಾದ, ಬಾಂಗ್ಲಾದೇಶದ ಜನಕ್ಕೆ. ದಂಡ ತುಂಬುವುದು ವಾಷಿಂಗ್ಟನ್, ಲಂಡನ್, ಪ್ಯಾರಿಸ್‌ನ ಖಜಾನೆಗೆ. ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ಜಂಟಿ ಯೋಜನೆಯೊಂದು 1999ರಿಂದ 2012ರ ನಡುವಿನ 395 ಇತ್ಯರ್ಥಗಳನ್ನು ಅಧ್ಯಯನ ಮಾಡಿತು. ಅಧಿಕಾರಿಗಳು ಲಂಚ ಪಡೆದ ದೇಶಗಳನ್ನು ಬಿಟ್ಟು ಬೇರೆ ದೇಶಗಳು ವಿಧಿಸಿದ ದಂಡ ಸುಮಾರು 600 ಕೋಟಿ ಡಾಲರ್. ಅದರಲ್ಲಿ ನೊಂದ ದೇಶಗಳಿಗೆ ಮರಳಿದ್ದು ಶೇ. 3.3ರಷ್ಟು ಮಾತ್ರ.

ಬೇರೆ ರೀತಿ ಸಾಧ್ಯವಿಲ್ಲವೆಂದೇನೂ ಇಲ್ಲ. ಟಾಂಜಾನಿಯಾಕ್ಕೆ ರೇಡಾರ್ ಮಾರಿದ ವ್ಯವಹಾರದಲ್ಲಿ ಬಿಎಇ 2010ರಲ್ಲಿ ಬ್ರಿಟನ್ನಿನ ನ್ಯಾಯಾಲಯದ ಮುಂದೆ ಒಪ್ಪಿಕೊಂಡದ್ದು ಸರಿಯಾದ ಲೆಕ್ಕ ಇಡದ ಅಪರಾಧವನ್ನು ಮಾತ್ರ. ದಂಡ 5 ಲಕ್ಷ ಪೌಂಡ್. ಆದರೆ 2.95 ಕೋಟಿ ಪೌಂಡ್ ಟಾಂಜಾನಿಯಾದ ಜನರಿಗಾಗಿ ಕೊಡಲು ಕಂಪನಿ ಒಪ್ಪಿತ್ತು, ಅದರಿಂದ ಅಲ್ಲಿನ ಶಾಲೆಗಳಿಗೆ ಪಠ್ಯಪುಸ್ತಕ, ಡೆಸ್ಕುಗಳು ಬಂದವು. ಕೀನ್ಯಾದ ಚುನಾವಣಾ ಅಧಿಕಾರಿಗಳಿಗೆ ಲಂಚ ಕೊಟ್ಟು ಮತಪತ್ರ ಮುದ್ರಣದ ಗುತ್ತಿಗೆ ಪಡೆದ ಸ್ಮಿತ್ ಆ್ಯಂಡ್ ಔಜ್‌ಮನ್ ಎಂಬ ಬ್ರಿಟಿಷ್ ಕಂಪನಿ ಪತ್ರಗಳಲ್ಲಿ ಲಂಚವನ್ನು ‘ಕೋಳಿ’ ಎಂದು ಕರೆಯುತ್ತಿತ್ತು. 2014ರಲ್ಲಿ ಅದು ಅಪರಾಧಿ ಎಂದು ಸಾಬೀತಾದ ಮೇಲೆ, ಮುಟ್ಟುಗೋಲಾದ ಹಣದಲ್ಲಿ ಕೀನ್ಯಾಕ್ಕೆ ಆಂಬುಲೆನ್ಸ್‌ಗಳನ್ನು ಕೊಡಿಸಲಾಯಿತು. ಇಂಥವು ಒಂದೊಂದು ಪ್ರಕರಣದ ಔದಾರ್ಯವಾಗಿ ಉಳಿದಿವೆ, ಕಾನೂನಿನ ಕಡ್ಡಾಯವಾಗಬೇಕು.

ಲಂಚ ಕೇಳುವವರನ್ನು ಕೊಡುವವರ ದೇಶ ಮುಟ್ಟಲಾಗದು ಎಂಬುದು ಹಳೆಯ ಕೊರತೆ. 2023ರ ಡಿಸೆಂಬರ್‌ನಲ್ಲಿ ಅಮೆರಿಕ ಇನ್ನೊಂದು ಕಾನೂನು ಮಾಡಿ, ತನ್ನ ಕಂಪನಿಗಳಿಂದ ಲಂಚ ಕೇಳುವ ವಿದೇಶಿ ಅಧಿಕಾರಿಯನ್ನೂ ಅಪರಾಧಿಯಾಗಿಸಿತು. ಅಷ್ಟರಲ್ಲೇ ಗಾಳಿ ತಿರುಗಿತು. 2025ರ ಫೆಬ್ರವರಿ 10ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಎಫ್‌ಸಿಪಿಎ ಜಾರಿಯನ್ನು 180 ದಿನ ತಡೆಹಿಡಿದು ಪರಿಶೀಲಿಸುವಂತೆ ಆದೇಶಿಸಿದರು. ಈ ಕಾನೂನಿನ ಅತಿಯಾದ ಜಾರಿಯಿಂದ ಅಮೆರಿಕದ ಕಂಪನಿಗಳು ಪೈಪೋಟಿಯಲ್ಲಿ ಸೋಲುತ್ತಿವೆ ಎಂಬುದು ಕಾರಣ. ಜೂನ್‌ನಲ್ಲಿ ಬಂದ ಹೊಸ ಮಾರ್ಗಸೂಚಿ ಮೊಕದ್ದಮೆಗಳ ವ್ಯಾಪ್ತಿಯನ್ನು ಕಿರಿದು ಮಾಡಿತು. 1980ರ ದಶಕದ ಅದೇ ದೂರಿಗೆ ಆಗ ಸಿಕ್ಕ ಉತ್ತರ ಅಂತರರಾಷ್ಟ್ರೀಯ ಒಡಂಬಡಿಕೆ. ಈಗ ಸಿಕ್ಕದ್ದು ಹಿಂಜರಿಕೆ. ಮಾರ್ಚ್‌ನಲ್ಲೇ ಬ್ರಿಟನ್, ಫ್ರಾನ್ಸ್, ಸ್ವಿಟ್ಜರ್ಲೆಂಡ್ ಪ್ರಾಸಿಕ್ಯೂಟರುಗಳ ಜಂಟಿ ಕಾರ್ಯಪಡೆ ರಚಿಸಿಕೊಂಡವು. ಮೂಲ ಶಾಸನದ ಪಠ್ಯ ಮಾತ್ರ ಬದಲಾಗಿಲ್ಲ.

ಭಾರತ

ವಿದೇಶಿ ಕಂಪನಿ ಇಲ್ಲಿ ಬಂದು ಲಂಚ ಕೊಟ್ಟರೆ ಹಿಡಿಯಲು ಭಾರತದಲ್ಲಿ ಕಾನೂನಿದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಒತ್ತು ಪಡೆಯುವವರ ಮೇಲಿತ್ತು. 2018ರ ತಿದ್ದುಪಡಿ ಕೊಡುವವರನ್ನು ನೇರವಾಗಿ ಅಪರಾಧಿಗಳನ್ನಾಗಿಸಿ 7 ವರ್ಷದವರೆಗೆ ಶಿಕ್ಷೆ ಇಟ್ಟಿತು. ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಶಿಕ್ಷೆಯಿಲ್ಲ. ಬ್ರಿಟನ್ ಮಾದರಿಯಲ್ಲಿ ಕಂಪನಿಯ ಹೊಣೆಯನ್ನೂ 9ನೇ ಸೆಕ್ಷನ್ನಿನಲ್ಲಿ ಸೇರಿಸಲಾಯಿತು.

ಬೆಂಗಳೂರಿನ ಒಂದು ಪ್ರಕರಣ ಈ ಜಾಲ ನಮಗೆ ಎಷ್ಟು ಹತ್ತಿರವಿದೆ ಎಂದು ತೋರಿಸುತ್ತದೆ. ವಿಮಾನದ ಬಿಡಿಭಾಗ ತಯಾರಿಸುವ ಅಮೆರಿಕದ ಮೂಗ್ ಕಂಪನಿಯ ಇಲ್ಲಿನ ಅಂಗಸಂಸ್ಥೆಯ ನೌಕರರು 2020ರಿಂದ 2022ರ ನಡುವೆ ಹಿಂದೂಸ್ತಾನ್ ಏರೋನಾಟಿಕ್ಸ್ ಮತ್ತು ದಕ್ಷಿಣ ಮಧ್ಯ ರೈಲ್ವೆಯ ವ್ಯಾಪಾರಕ್ಕಾಗಿ ಮಧ್ಯವರ್ತಿಗಳ ಮೂಲಕ ಲಂಚ ಕೊಟ್ಟರೆಂದೂ, ಅದನ್ನು ಪುಸ್ತಕದಲ್ಲಿ ಮಾಮೂಲಿ ವ್ಯಾಪಾರದ ಖರ್ಚೆಂದು ತೋರಿಸಿದರೆಂದೂ ಎಸ್‌ಇಸಿ 2024ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ಕಂಪನಿ ಸುಮಾರು 17 ಲಕ್ಷ ಡಾಲರ್ ಕಟ್ಟಿತು. ವ್ಯವಹಾರ ಭಾರತದ್ದು, ಸಾರ್ವಜನಿಕ ಸಂಸ್ಥೆಗಳು ಭಾರತದವು. ಹಣ ಹೋದದ್ದು ಅಮೆರಿಕಕ್ಕೆ.

ಇನ್ನು ಭಾರತದ ಕಂಪನಿ ಹೊರಗೆ ಹೋಗಿ ಲಂಚ ಕೊಟ್ಟರೆ? 1988ರ ಕಾಯ್ದೆ ಹೇಳುವ ಸಾರ್ವಜನಿಕ ಸೇವಕರಲ್ಲಿ ಬೇರೆ ದೇಶದ ಅಧಿಕಾರಿ ಬರುವುದಿಲ್ಲ. ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2011ರ ಮೇ ತಿಂಗಳಲ್ಲಿ ಅಂಗೀಕರಿಸಿತು. ಅದರ 16ನೇ ವಿಧಿ ವಿದೇಶಿ ಅಧಿಕಾರಿಗೆ ಲಂಚ ಕೊಡುವುದನ್ನು ಅಪರಾಧವಾಗಿಸಲು ಹೇಳುತ್ತದೆ. ಅದೇ ವರ್ಷದ ಮಾರ್ಚ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಮಸೂದೆ 2014ರಲ್ಲಿ ಸದನದ ಅವಧಿ ಮುಗಿದಾಗ ಬಿದ್ದುಹೋಯಿತು. ಕಾನೂನು ಆಯೋಗ 2015ರ ಆಗಸ್ಟ್‌ನಲ್ಲಿ ತನ್ನ 258ನೇ ವರದಿಯಲ್ಲಿ ಆ ಮಸೂದೆಯನ್ನು ಪರಿಶೀಲಿಸಿ ಸುಧಾರಣೆಗಳನ್ನು ಸೂಚಿಸಿತು. ಅದು ಕಾಯ್ದೆಯಾಗಲಿಲ್ಲ. ಒಇಸಿಡಿ ಒಡಂಬಡಿಕೆಗೂ ಭಾರತ ಸೇರಿಲ್ಲ.

ಇದರಿಂದ ನಮ್ಮ ಕಂಪನಿಗಳಲ್ಲೇ ಎರಡು ದರ್ಜೆಗಳಾಗಿವೆ. ನ್ಯೂಯಾರ್ಕ್ ಷೇರುಪೇಟೆಯಲ್ಲಿ ನೋಂದಾಯಿತವಾದ ಇನ್ಫೋಸಿಸ್, ವಿಪ್ರೋಗಳಿಗೆ ಎಫ್‌ಸಿಪಿಎ ನೇರವಾಗಿ ಅನ್ವಯಿಸುತ್ತದೆ. ಅವುಗಳಿಗೆ ಸೇವೆ ಒದಗಿಸುವ ಸಣ್ಣ ಸಂಸ್ಥೆ ಕೂಡ ಗುತ್ತಿಗೆ ಪತ್ರದಲ್ಲಿ ಲಂಚ ನಿಷೇಧದ ಷರತ್ತಿಗೆ ಸಹಿ ಹಾಕುತ್ತದೆ. ಮುಂಬಯಿ ಷೇರುಪೇಟೆಯಲ್ಲಷ್ಟೇ ಇರುವ ಅಥವಾ ಯಾವ ಪೇಟೆಯಲ್ಲೂ ಇಲ್ಲದ ಕಂಪನಿ ಆಫ್ರಿಕದಲ್ಲೋ ಮಧ್ಯ ಏಷ್ಯಾದಲ್ಲೋ ಗಣಿ, ರಸ್ತೆ, ಔಷಧ ಪೂರೈಕೆಯ ಗುತ್ತಿಗೆಗಾಗಿ ಅಲ್ಲಿನ ಮಂತ್ರಿಗೆ ಹಣ ಕೊಟ್ಟರೆ, ಆ ಲಂಚವನ್ನೇ ಅಪರಾಧವೆಂದು ಹೆಸರಿಸಿ ಇಲ್ಲಿ ಮೊಕದ್ದಮೆ ಹೂಡುವ ಸೆಕ್ಷನ್ ಇಲ್ಲ. ಲೆಕ್ಕದಲ್ಲಿ ಮೋಸವಿದ್ದರೆ 2013ರ ಕಂಪನಿ ಕಾಯ್ದೆಯ 447ನೇ ಸೆಕ್ಷನ್ನಿನಡಿ ವಂಚನೆಯೆಂದು ಹಿಡಿಯಲು ನೋಡಬಹುದು. ಸದ್ಯಕ್ಕೆ ತನಿಖಾಧಿಕಾರಿಯ ಕೈಯಲ್ಲಿರುವುದು ಅಂಥ ಸುತ್ತುಬಳಸಿನ ದಾರಿಗಳಷ್ಟೇ.